ಮ್ಯೂನಿಕ್‌ನಲ್ಲಿ ಉಡುಪಿ ಹೋಟೆಲ್: ಕಂಪನಿ ನೋಂದಾಯಿಸಿದರೆ ವೀಸಾ ತಾನಾಗಿ ಬರುತ್ತದೆಯೇ?

ಕೋಟದ ಹೋಟೆಲಿನವ

ನಮಸ್ಕಾರ. ಉಡುಪಿ ಜಿಲ್ಲೆಯ ಕೋಟ ನನ್ನೂರು. ಬೆಂಗಳೂರಿನಲ್ಲಿ 17 ವರ್ಷಗಳಿಂದ ದರ್ಶಿನಿ ನಡೆಸುತ್ತಿದ್ದೇನೆ. ವಯಸ್ಸು 47. ತಂಗಿ ಮತ್ತು ಭಾವ ಮ್ಯೂನಿಕ್‌ನಲ್ಲಿದ್ದಾರೆ. ಭಾವನದು ಸಾಫ್ಟ್‌ವೇರ್ ಕೆಲಸ, ಬ್ಲೂ ಕಾರ್ಡ್, ಅಂದರೆ ಓದಿದ ನೌಕರರಿಗೆ ಕೊಡುವ ವಾಸದ ಪರವಾನಗಿ, ಮೇಲೆ ಹೋಗಿ ಒಂದೂವರೆ ವರ್ಷವಾಗುತ್ತಾ ಬಂತು. ಕಳೆದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದಾಗ ಒಂದು ಕಡೆ ಮಸಾಲೆ ದೋಸೆಗೆ 14 ಯೂರೊ ಕೊಟ್ಟೆ. ಹಿಟ್ಟು ಹುದುಗಿರಲಿಲ್ಲ, ಕಾವಲಿ ಕಾದಿರಲಿಲ್ಲ, ಚಟ್ನಿಯಲ್ಲಿ ತೆಂಗಿನಕಾಯಿಯ ಬದಲು ಯಾವುದೋ ಪುಡಿ. ಆದರೂ ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಅಂದಿನಿಂದ ನನಗೆ ನಿದ್ದೆಯಿಲ್ಲ.

ಬೆಂಗಳೂರಿನ ಒಬ್ಬ ವೀಸಾ ಸಲಹೆಗಾರರನ್ನು ಕಂಡೆ. ಜರ್ಮನಿಯಲ್ಲಿ ಜಿಎಂಬಿಎಚ್ ಎಂಬ, ನಮ್ಮ ಪ್ರೈವೇಟ್ ಲಿಮಿಟೆಡ್‌ನಂಥ ಕಂಪನಿ ತೆರೆಯಬೇಕು, 25 ಸಾವಿರ ಯೂರೊ ಬಂಡವಾಳ, ನಿರ್ದೇಶಕನಾಗಿ ನನ್ನ ಹೆಸರು, ಆಮೇಲೆ ವಾಸದ ಪರವಾನಗಿ ತಾನಾಗಿ ಬರುತ್ತದೆ ಎಂದರು. ಅವರ ಶುಲ್ಕ 12 ಲಕ್ಷ ರೂಪಾಯಿ. ಒಂದು ಲಕ್ಷ ಮುಂಗಡ ಕೊಟ್ಟು ಬಂದಿದ್ದೇನೆ. ನನ್ನ ಕೈಯಲ್ಲಿ ಒಟ್ಟು 90 ಲಕ್ಷದಷ್ಟು ಹಣವಿದೆ. ಉಳಿದ 11 ಲಕ್ಷ ಕೊಡುವ ಮೊದಲು ತಿಳಿದವರನ್ನು ಒಮ್ಮೆ ಕೇಳೋಣವೆಂದು ಈ ವೇದಿಕೆಗೆ ಬಂದೆ.

ಇಸಾರ್ ದಂಡೆ

ಮುಂಗಡ ಕೊಟ್ಟಾಗಿದೆಯಲ್ಲ, ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ.

ಗಾಡಿಯ ಆರ್‌ಸಿ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಓಡಿಸುವ ಲೈಸೆನ್ಸ್ ಬಂದಂತಾಗುತ್ತದೆಯೇ? ಇದೂ ಹಾಗೆಯೇ. ಜರ್ಮನಿಯಲ್ಲಿ ಕಂಪನಿ ತೆರೆಯಲು ನೀವು ಅಲ್ಲಿ ವಾಸಿಸುವವರಾಗಿರಬೇಕಿಲ್ಲ. ನೋಟರಿಯ ಮುಂದೆ ಕರಾರು ಮಾಡಿಸಿ, 25 ಸಾವಿರ ಯೂರೊ ಬಂಡವಾಳದಲ್ಲಿ ಕನಿಷ್ಠ 12,500 ಕಟ್ಟಿ, ವಾಣಿಜ್ಯ ನೋಂದಣಿ ಪುಸ್ತಕದಲ್ಲಿ ಹೆಸರು ಏರಿಸಿದರೆ ಜಿಎಂಬಿಎಚ್ ಹುಟ್ಟುತ್ತದೆ. ಯುಜಿ ಎಂಬ ಅದರ ತಮ್ಮ ಒಬ್ಬನಿದ್ದಾನೆ, ಅವನಿಗೆ ಕಾಗದದ ಮೇಲೆ ಒಂದು ಯೂರೊ ಸಾಕು. ನಿರ್ದೇಶಕರು ಕೋಟದಲ್ಲಿಯೇ ಕೂತಿರಬಹುದು. ಇದೆಲ್ಲ ಆರ್‌ಸಿಯ ಕಥೆ.

ಆ ಕಂಪನಿಯನ್ನು ಇಲ್ಲಿ ನಿಂತು ನಡೆಸುವ ಹಕ್ಕು ಜರ್ಮನಿಯ ವಿದೇಶಿಯರ ವಾಸದ ಕಾಯ್ದೆಯ 21ನೇ ಕಲಮಿನಿಂದ ಬರಬೇಕು. ನಿಮ್ಮ ವ್ಯವಹಾರದಲ್ಲಿ ಜರ್ಮನಿಗೆ ಆರ್ಥಿಕ ಹಿತಾಸಕ್ತಿ ಇದೆ ಅಥವಾ ಆ ಪ್ರದೇಶಕ್ಕೆ ಅದರ ಅಗತ್ಯವಿದೆ, ಅದರಿಂದ ಒಳ್ಳೆಯ ಪರಿಣಾಮವಾಗುತ್ತದೆ, ಹಣದ ವ್ಯವಸ್ಥೆ ಗಟ್ಟಿಯಾಗಿದೆ ಎಂದು ತೋರಿಸಬೇಕು. ನಿಮ್ಮ ಯೋಜನೆ ಬಾಳುವಂಥದ್ದೇ, ನಿಮಗೆ ಅನುಭವವಿದೆಯೇ, ಎಷ್ಟು ಹಣ ಹಾಕುತ್ತೀರಿ, ಎಷ್ಟು ಜನರಿಗೆ ಕೆಲಸ ಮತ್ತು ತರಬೇತಿ ಸಿಗುತ್ತದೆ ಎಂಬುದನ್ನು ವಿದೇಶಿಯರ ಕಚೇರಿಯವರು ತೂಗಿ ನೋಡುತ್ತಾರೆ. ಅದಕ್ಕೆ ಸ್ಥಳೀಯ ವಾಣಿಜ್ಯ ಮಂಡಳಿ, ಅಂದರೆ ಐಎಚ್‌ಕೆ, ಅಭಿಪ್ರಾಯ ಕೊಡುತ್ತದೆ. ಕಂಪನಿ ಇದ್ದೂ ಪರವಾನಗಿ ಸಿಗದಿರಬಹುದು. ಆಗ ನಿಮ್ಮ 12,500 ಯೂರೊ ಇಲ್ಲಿ, ನೀವು ಅಲ್ಲಿ.

ಹಾಸನದ ಹುಡುಗ

ಎರಡೂವರೆ ಲಕ್ಷ ಯೂರೊ ಹಾಕಿ ಐದು ಜನರಿಗೆ ಕೆಲಸ ಕೊಟ್ಟರೆ ಮಾತ್ರ 21ನೇ ಕಲಮು ಎಂದು ನಮ್ಮ ವಿಶ್ವವಿದ್ಯಾಲಯದ ಹಿರಿಯರೊಬ್ಬರು ಹೇಳಿದ್ದರು. 90 ಲಕ್ಷ ರೂಪಾಯಿ ಅದರ ಹತ್ತಿರಕ್ಕೂ ಬರುವುದಿಲ್ಲವಲ್ಲ?

ಇಸಾರ್ ದಂಡೆ

ಆ ಹಿರಿಯರು ನಿಜಕ್ಕೂ ಹಿರಿಯರೇ ಇರಬೇಕು. 2005ರಲ್ಲಿ ಈ ಕಾಯ್ದೆ ಬಂದಾಗ ಹತ್ತು ಲಕ್ಷ ಯೂರೊ, ಹತ್ತು ಉದ್ಯೋಗ ಎಂದಿತ್ತು. 2007ರಲ್ಲಿ ಐದು ಲಕ್ಷ, ಐದು ಉದ್ಯೋಗವಾಯಿತು. 2009ರಲ್ಲಿ ಎರಡೂವರೆ ಲಕ್ಷಕ್ಕೆ ಇಳಿಯಿತು. 2012ರ ಆಗಸ್ಟ್‌ನಲ್ಲಿ ಅಂಕಿಗಳನ್ನೇ ತೆಗೆದುಹಾಕಿದರು. ಈಗ ಕನಿಷ್ಠ ಮೊತ್ತವೆಂಬುದು ಕಾಯ್ದೆಯಲ್ಲಿಲ್ಲ. ಕೇಳಲು ಹಿತವಾಗಿದೆ, ಆದರೆ ಅಂಕಿ ಇದ್ದಾಗ ಮುಟ್ಟಿದೆವೋ ಇಲ್ಲವೋ ಎಂದು ನಮಗೇ ಗೊತ್ತಾಗುತ್ತಿತ್ತು. ಈಗ ಎದುರಿಗೆ ಕೂತವರಿಗೆ ಮನವರಿಕೆಯಾಗಬೇಕು.

ಅಂದ ಹಾಗೆ, ನೀನು ಜರ್ಮನಿಯಲ್ಲಿಯೇ ಓದುತ್ತಿರುವವನಾದರೆ ನಿನ್ನ ದಾರಿ ಸುಲಭ. ಜರ್ಮನ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದವರು ತಮ್ಮ ಓದಿಗೆ ಸಂಬಂಧಪಟ್ಟ ವ್ಯವಹಾರ ತೆರೆದರೆ ಆರ್ಥಿಕ ಹಿತಾಸಕ್ತಿಯ ಆ ಪರೀಕ್ಷೆಯಿಂದ ವಿನಾಯಿತಿ ಸಿಗಬಹುದು. ಯಂತ್ರಶಾಸ್ತ್ರ ಓದಿ ದೋಸೆ ಹುಯ್ಯುತ್ತೇನೆಂದರೆ ಮಾತ್ರ ಸಂಬಂಧ ತೋರಿಸುವುದು ಕಷ್ಟ.

ದೇರಾದಿಂದ

ಇಷ್ಟೆಲ್ಲ ತಲೆನೋವು ಯಾಕೆ ಮಾರಾಯರೇ, ದುಬೈಗೆ ಬನ್ನಿ. ನಾನು ಕಾಸರಗೋಡಿನವನು, ಇಲ್ಲಿ ಕೆಫೆಟೇರಿಯಾ ಇಟ್ಟು ಒಂಬತ್ತು ವರ್ಷವಾಯಿತು. ನಿಮ್ಮ ಸಲಹೆಗಾರರು ಹೇಳಿದ್ದು ಜರ್ಮನಿಗೆ ಸುಳ್ಳಾದರೂ ಇಲ್ಲಿಗೆ ಹೆಚ್ಚುಕಡಿಮೆ ನಿಜ. ಇಲ್ಲಿ ವ್ಯಾಪಾರದ ಲೈಸೆನ್ಸ್ ಮೊದಲು, ಅದರ ಹಿಂದೆ ಪಾಲುದಾರನ ವೀಸಾ. 2021ರಿಂದ ಹೆಚ್ಚಿನ ವ್ಯಾಪಾರಗಳಿಗೆ ಸ್ಥಳೀಯ ಅರಬ್ ಪಾಲುದಾರ ಶೇ 51 ಇಟ್ಟುಕೊಳ್ಳಬೇಕೆಂಬ ನಿಯಮವೂ ಇಲ್ಲ. ಫ್ರೀ ಜೋನ್, ಅಂದರೆ ವಿಶೇಷ ವ್ಯಾಪಾರ ವಲಯದ ಅಗ್ಗದ ಲೈಸೆನ್ಸಿಗೆ ಮಾತ್ರ ಮರುಳಾಗಬೇಡಿ. ಊರಿನ ರಸ್ತೆಯಲ್ಲಿ ಹೋಟೆಲ್ ಇಡಲು ಅದು ಸಾಲದು, ಮೇನ್‌ಲ್ಯಾಂಡ್ ಲೈಸೆನ್ಸೇ ಬೇಕು, ಜೊತೆಗೆ ಪುರಸಭೆಯ ಆಹಾರ ಪರವಾನಗಿ. ತೆರಿಗೆ ಇಲ್ಲ ಎಂಬುದೂ ಹಳೆಯ ಮಾತು. 2023ರಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9 ಇದೆ.

ಕೋಟದ ಹೋಟೆಲಿನವ

ಕರೆದಿದ್ದಕ್ಕೆ ಸಂತೋಷ. ಆದರೆ ದುಬೈಯಲ್ಲಿ ನಮ್ಮ ಕಡೆಯ ಹೋಟೆಲ್ ಬೀದಿಗೊಂದಿದೆ. ಅಲ್ಲಿ ನಾನು ನೂರೊಂದನೆಯವನು.

ತುಂಗಾ ತೀರ

ಎಸ್ಟೋನಿಯಾದವರ ಇ-ರೆಸಿಡೆನ್ಸಿ ತೆಗೆದುಕೊಂಡರೆ ಯುರೋಪಿನಲ್ಲಿ ಎಲ್ಲಿ ಬೇಕಾದರೂ ಹೋಟೆಲ್ ಇಡಬಹುದಲ್ಲವೇ? ನೂರು ಚಿಲ್ಲರೆ ಯೂರೊ ಅಷ್ಟೇ ಎಂದು ಕೇಳಿದ್ದೇನೆ.

ಇಸಾರ್ ದಂಡೆ

ಅದು ಗಣಕಯಂತ್ರದಲ್ಲಿ ಸಹಿ ಹಾಕುವ ಗುರುತಿನ ಚೀಟಿ. ಅದರಿಂದ ಎಸ್ಟೋನಿಯಾದ ಕಂಪನಿಯನ್ನು ಶಿವಮೊಗ್ಗದಲ್ಲಿ ಕೂತು ನಡೆಸಬಹುದು. ಎಸ್ಟೋನಿಯಾಕ್ಕೆ ಕಾಲಿಡುವ ಹಕ್ಕನ್ನೂ ಅದು ಕೊಡುವುದಿಲ್ಲ, ಇನ್ನು ಜರ್ಮನಿ ದೂರದ ಮಾತು. ಹೆಸರಿನಲ್ಲಿ ರೆಸಿಡೆನ್ಸಿ ಇದೆಯೆಂದು ಎಷ್ಟು ಜನ ಮೋಸ ಹೋಗಿದ್ದಾರೋ.

ಬರ್ಲಿನ್ ಬಿಸಿಬೇಳೆ

ನಾನು ಈ 21ನೇ ಕಲಮಿನ ಬಾಗಿಲಿನಿಂದಲೇ ಒಳಗೆ ಬಂದವಳು, ಅದೂ ಎರಡನೆಯ ಯತ್ನದಲ್ಲಿ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲ ಸಲ ಒಂದು ದೊಡ್ಡ ನಗರದಲ್ಲಿ ಭಾರತೀಯ ಊಟದ ಮನೆ ಎಂದು ಅರ್ಜಿ ಹಾಕಿದೆ. ಯೋಜನೆಯನ್ನು ಇಂಗ್ಲಿಷಿನಲ್ಲಿ ಬರೆದು ಯಾರಿಂದಲೋ ಜರ್ಮನ್‌ಗೆ ಅನುವಾದ ಮಾಡಿಸಿದ್ದೆ. ಆ ನಗರದಲ್ಲಿ ಭಾರತೀಯ ಹೋಟೆಲುಗಳು ಧಾರಾಳವಾಗಿವೆ, ಇನ್ನೊಂದರ ಅಗತ್ಯ ಕಾಣುವುದಿಲ್ಲ ಎಂದು ಉತ್ತರ ಬಂತು. ಸಿಟ್ಟು ಬಂದರೂ, ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ. ಮೂವತ್ತು ಪುಟಗಳಲ್ಲಿ ದಕ್ಷಿಣ ಭಾರತದ ಅಡುಗೆಯ ಹಿರಿಮೆ ಬರೆದಿದ್ದೆ. ತಿಂಗಳಿಗೆ ಎಷ್ಟು ತಟ್ಟೆ ಮಾರಬೇಕು, ಬಾಡಿಗೆ ಕಳೆದು ಏನು ಉಳಿಯುತ್ತದೆ ಎಂಬುದು ಅರ್ಧ ಪುಟ.

ಎರಡನೆಯ ಸಲ ಪೂರ್ವ ಜರ್ಮನಿಯ ಒಂದು ಸಣ್ಣ ಊರನ್ನು ಆರಿಸಿಕೊಂಡೆ. ಒಂದು ಕಾರ್ಖಾನೆಯ ಪಕ್ಕ, ಮಧ್ಯಾಹ್ನ ಬಿಸಿ ಊಟಕ್ಕೆ ಜಾಗವಿಲ್ಲದ ಕಡೆ. ಅರ್ಜಿಗೆ ಮೊದಲೇ ಅಲ್ಲಿನ ಐಎಚ್‌ಕೆಯವರ ಜೊತೆ ಕೂತು ಲೆಕ್ಕ ತಿದ್ದಿಸಿಕೊಂಡೆ. ಕಟ್ಟಡದ ಮಾಲೀಕರಿಂದ ಬಾಡಿಗೆಗೆ ಕೊಡಲು ಒಪ್ಪಿಗೆಯಿದೆ ಎಂಬ ಪತ್ರ, ಬ್ಯಾಂಕಿನ ದಾಖಲೆ, ಇಬ್ಬರು ಸ್ಥಳೀಯರಿಗೆ ಕೆಲಸ ಕೊಡುವ ಯೋಜನೆ ಎಲ್ಲವನ್ನೂ ಲಗತ್ತಿಸಿದೆ. ವೀಸಾ ಶುಲ್ಕ 75 ಯೂರೊ, ಕಾಯುವಿಕೆ ಏಳು ತಿಂಗಳು. ಪರವಾನಗಿಯನ್ನು ಒಮ್ಮೆಗೆ ಗರಿಷ್ಠ ಮೂರು ವರ್ಷಕ್ಕೆ ಕೊಡಬಹುದು, ನನಗೆ ಎರಡು ವರ್ಷ ಕೊಟ್ಟರು. ವ್ಯವಹಾರ ಚೆನ್ನಾಗಿ ನಡೆದು ಜೀವನ ಸಾಗುತ್ತಿದ್ದರೆ ಮೂರು ವರ್ಷದ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಈ ಒಂದು ವಿಷಯದಲ್ಲಿ ಕಾಯ್ದೆ ಉದಾರಿ.

ನಿಮಗೆ ಹೇಳಲೇಬೇಕಾದ ಮಾತೊಂದಿದೆ. 45 ವರ್ಷ ದಾಟಿದವರು ಮುಪ್ಪಿನ ಕಾಲಕ್ಕೆ ಸಾಕಷ್ಟು ಪಿಂಚಣಿ ಅಥವಾ ಆಸ್ತಿ ಇದೆಯೆಂದು ತೋರಿಸಬೇಕು. 21ನೇ ಕಲಮಿನಲ್ಲಿಯೇ ಇದೆ. ಶ್ರೀಲಂಕಾ, ಜಪಾನ್, ಟರ್ಕಿ, ಅಮೆರಿಕ ಮುಂತಾದ ಕೆಲವು ದೇಶಗಳವರಿಗೆ ಒಪ್ಪಂದದ ಕಾರಣ ಇದರಿಂದ ವಿನಾಯಿತಿ. ಭಾರತ ಆ ಪಟ್ಟಿಯಲ್ಲಿಲ್ಲ. ಇದರ ಮೇಲೆ ಆರೋಗ್ಯ ವಿಮೆ. ಹೊಸದಾಗಿ ಬಂದು ಸ್ವಂತ ಉದ್ಯೋಗ ಮಾಡುವವರಿಗೆ ಸಾಮಾನ್ಯವಾಗಿ ಸರ್ಕಾರಿ ವಿಮೆಯ ಬಾಗಿಲು ತೆರೆಯುವುದಿಲ್ಲ, ಖಾಸಗಿಯೇ ಗತಿ. 47ರಲ್ಲಿ ಅದರ ಕಂತು ಚಿಕ್ಕದಿರುವುದಿಲ್ಲ.

ಕೋಟದ ಹೋಟೆಲಿನವ

ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. 45ರ ವಿಷಯ ಆ ಸಲಹೆಗಾರರು ಬಾಯಿ ಬಿಟ್ಟಿರಲಿಲ್ಲ. ನನ್ನ ಪಾಸ್‌ಪೋರ್ಟ್ ಪ್ರತಿ ಅವರ ಮೇಜಿನ ಮೇಲೆಯೇ ಇತ್ತು. ನಮ್ಮಂಥವರಿಗೆ ಎಲ್ಲಿಯ ಪಿಂಚಣಿ? ಊರಿನಲ್ಲಿ ಎರಡು ಎಕರೆ ತೆಂಗಿನ ತೋಟವಿದೆ, ಅದೇ ನನ್ನ ಮುಪ್ಪಿನ ಕಾಲ.

ದೇರಾದಿಂದ

ಅದಕ್ಕೇ ಹೇಳಿದ್ದು. ಇಲ್ಲಿ ತಲೆ ನರೆತವರನ್ನೂ ಲೈಸೆನ್ಸ್ ಕಟ್ಟಿಸಿಕೊಂಡು ಒಳಗೆ ಬಿಡುತ್ತಾರೆ.

ನೆಕ್ಕಾರ್ ಕಣಿವೆ

ಇಷ್ಟು ಹೊತ್ತೂ ಎಲ್ಲರೂ ಅಣ್ಣನ ವೀಸಾ ಹುಡುಕುತ್ತಿದ್ದೀರಿ. ತಂಗಿಯ ಕಾರ್ಡ್ ಮೇಲೆ ಏನು ಬರೆದಿದೆ ಎಂದು ಯಾರಾದರೂ ನೋಡಿದ್ದೀರಾ?

ನಾನು ಸ್ಟುಟ್‌ಗಾರ್ಟ್ ಬಳಿ ಇದ್ದೇನೆ, ಗಂಡನ ಬ್ಲೂ ಕಾರ್ಡ್ ಆಧಾರದ ಮೇಲೆ ಬಂದವಳು. ಇಲ್ಲಿ ಒಂದು ವಿಚಿತ್ರವಿದೆ. ಬ್ಲೂ ಕಾರ್ಡ್ ಹೊತ್ತ ಗಂಡ ಪಕ್ಕದಲ್ಲಿ ಸ್ವಂತ ವ್ಯವಹಾರ ಮಾಡಬೇಕೆಂದರೆ ವಿದೇಶಿಯರ ಕಚೇರಿಯ ಅನುಮತಿ ಬೇಡಬೇಕು. ಅವನ ಜೊತೆ ಕುಟುಂಬದ ಪರವಾನಗಿಯ ಮೇಲೆ ಬಂದ ಹೆಂಡತಿಗೆ ಆ ಕಟ್ಟು ಇಲ್ಲ! ಕಾಯ್ದೆಯ 27ನೇ ಕಲಮಿನ ಐದನೇ ಉಪಕಲಮು ನೋಡಿ. ಕುಟುಂಬದ ಪರವಾನಗಿ ಇದ್ದವರು ದುಡಿಯಬಹುದು, ಮತ್ತು ಆ ಕಾಯ್ದೆಯಲ್ಲಿ ದುಡಿಮೆಯೆಂದರೆ ಸಂಬಳದ ಕೆಲಸ, ಸ್ವಂತ ಉದ್ಯೋಗ ಎರಡೂ. ಕಾರ್ಡಿನ ಮೇಲೆ ‘ಎರ್ವೆರ್ಬ್ಸ್‌ಟೆಟಿಶ್‌ಕೈಟ್’ ಎಂಬ ಉದ್ದದ ಪದವೂ ಅದರ ಪಕ್ಕ ‘ಎರ್ಲೌಬ್ಟ್’ ಅಥವಾ ‘ಗೆಶ್ಟಾಟೆಟ್’ ಎಂದೂ ಇದ್ದರೆ ಅದೇ. ಇದನ್ನು ಓದಿಕೊಂಡ ಮರುದಿನವೇ ನಾನು ಪುರಸಭೆಗೆ ಹೋಗಿ ವ್ಯಾಪಾರದ ನೋಂದಣಿ ಮಾಡಿಸಿದೆ. ಒಂದು ಫಾರಂ, ಕೆಲವು ಯೂರೊ ಶುಲ್ಕ. ಮನೆಯಿಂದ ಉಪ್ಪಿನಕಾಯಿ ಮಾರಬಹುದೆಂದು ಹೊರಟವಳನ್ನು ಆಮೇಲೆ ಅಡುಗೆಮನೆಯ ನಿಯಮಗಳು ಹಿಡಿದು ನಿಲ್ಲಿಸಿದವು. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಕೋಟದ ಹೋಟೆಲಿನವ

ಈಗಷ್ಟೇ ತಂಗಿಗೆ ಫೋನ್ ಮಾಡಿ ಕಾರ್ಡಿನ ಚಿತ್ರ ತರಿಸಿಕೊಂಡೆ. ನೀವು ಹೇಳಿದ ಉದ್ದದ ಪದವೂ ಇದೆ, ಪಕ್ಕದಲ್ಲಿ ‘ಎರ್ಲೌಬ್ಟ್’ ಕೂಡ ಇದೆ. ಒಂದೂವರೆ ವರ್ಷದಿಂದ ಅವಳ ಪರ್ಸಿನಲ್ಲಿಯೇ ಇತ್ತು. ಕೆಲಸಕ್ಕೆ ಹೋಗಬಹುದೆಂದು ಗೊತ್ತಿತ್ತಂತೆ, ಅಂಗಡಿ ತೆರೆಯಬಹುದೆಂದು ಗೊತ್ತಿರಲಿಲ್ಲವಂತೆ. ಹಾಗಾದರೆ ಅವಳ ಹೆಸರಿನಲ್ಲಿ ಕಂಪನಿ ಮಾಡಿ ನಾನು ನಡೆಸಬಹುದಲ್ಲ?

ನೆಕ್ಕಾರ್ ಕಣಿವೆ

ಅವಳ ಹೆಸರಿನಲ್ಲಿ ನೀವು ನಡೆಸುವುದಲ್ಲ ಅಣ್ಣ, ಅವಳು ನಡೆಸುವುದು. ಮೊದಲು ಅವಳಿಗೆ ಹೋಟೆಲ್ ಬೇಕೇ ಎಂದು ಕೇಳಿ. ಬೆಳಿಗ್ಗೆ ಐದಕ್ಕೆ ಎದ್ದು ತರಕಾರಿ ಮಂಡಿಗೆ ಹೋಗುವವಳು ಅವಳು, ತೆರಿಗೆ ಕಚೇರಿಯ ಪತ್ರಕ್ಕೆ ಜರ್ಮನ್‌ನಲ್ಲಿ ಉತ್ತರಿಸುವವಳು ಅವಳು, ಸಾಲಕ್ಕೆ ಸಹಿ ಹಾಕುವವಳೂ ಅವಳೇ. ಊರಿನಲ್ಲಿ ಆಸ್ತಿ ಹೆಂಗಸರ ಹೆಸರಿನಲ್ಲಿ, ಅಧಿಕಾರ ಗಂಡಸರ ಕೈಯಲ್ಲಿ ಎಂದು ನಡೆಯುತ್ತದಲ್ಲ, ಆ ರೂಢಿಯನ್ನು ವಿಮಾನ ಹತ್ತಿಸಬೇಡಿ. ನಿರ್ದೇಶಕಿ ಎಂದು ನೋಂದಣಿಯಾದ ಮೇಲೆ ಕಾರ್ಮಿಕರ ವಿಮೆ ಕಟ್ಟದಿದ್ದರೆ ಕೇಸು ಬೀಳುವುದು ಅವಳ ಮೇಲೆ.

ಇಸಾರ್ ದಂಡೆ

ನೂರಕ್ಕೆ ನೂರು ಸರಿ. ನಾನೇ ಇದನ್ನು ಮೊದಲು ಹೇಳಬೇಕಿತ್ತು, ಹೊಳೆಯಲಿಲ್ಲ. ಹನ್ನೆರಡು ವರ್ಷ ಇಲ್ಲಿದ್ದು ಏನು ಬಂತು.

ಇನ್ನೊಂದು ದಾರಿಯೂ ಇದೆ. 2023ರ ನವೆಂಬರ್‌ನಿಂದ ಬ್ಲೂ ಕಾರ್ಡಿನವರು 27 ತಿಂಗಳಿಗೆ, ಬಿ1 ಮಟ್ಟದ, ಅಂದರೆ ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು ಜರ್ಮನ್ ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ಅದು ಸಿಕ್ಕಿದ ಮೇಲೆ ನಿಮ್ಮ ಭಾವನೂ ಯಾರನ್ನೂ ಕೇಳದೆ ಯಾವ ವ್ಯವಹಾರವನ್ನಾದರೂ ಮಾಡಬಹುದು. ಒಂದೂವರೆ ವರ್ಷವಾಗಿದೆ ಎಂದಿರಿ, ಸಂಜೆ ಹೊತ್ತು ಜರ್ಮನ್ ತರಗತಿಗೆ ಸೇರಿಸಿ.

ನೀವು ಶೇ 49 ಷೇರು ಇಟ್ಟುಕೊಂಡು ಬೆಂಗಳೂರಿನಿಂದಲೇ ಪಾಲುದಾರರಾಗಿರಬಹುದು. ಯುರೋಪಿನ ಅಲ್ಪಾವಧಿಯ ಷೆಂಗೆನ್ ವ್ಯಾಪಾರ ವೀಸಾ ಮೇಲೆ 180 ದಿನಗಳಲ್ಲಿ 90 ದಿನ ಬಂದು ಸಭೆ ಮಾಡಬಹುದು, ಜಾಗ ನೋಡಬಹುದು, ನೋಟರಿಯ ಮುಂದೆ ಸಹಿ ಹಾಕಬಹುದು. ಕಾವಲಿಯ ಮುಂದೆ ನಿಂತಿರೋ, ಅದು ಕೆಲಸ. ಒಂದೇ ಒಂದು ದೋಸೆ ಹುಯ್ದರೂ ಕೆಲಸವೇ. ಅದು ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೆಲ್ಲ ಕಲ್ಲು.

ಲೆಕ್ಕಪತ್ರ

ಜರ್ಮನಿಯ ಕಡೆ ಮುಗಿಯಿತೇ? ಈಗ ಭಾರತದ ಕಡೆ ಬನ್ನಿ. ಇದನ್ನು ಮರೆತವರೇ ಕೊನೆಗೆ ನನ್ನಂಥ ಲೆಕ್ಕಪರಿಶೋಧಕರ ಬಾಗಿಲಿಗೆ ಬರುವುದು.

ನಿಮ್ಮ ದರ್ಶಿನಿ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ನೀವು ಹಣ ಹೂಡುವುದು ವ್ಯಕ್ತಿಯಾಗಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು. ನಿಮ್ಮ 90 ಲಕ್ಷ ಅದರೊಳಗೇ ಇದೆ. ಆದರೆ ತಂಗಿಯ ಖಾತೆಗೆ ‘ಮನೆ ಖರ್ಚಿಗೆ’ ಎಂದು ಹಾಕಿ ಆಮೇಲೆ ಷೇರು ಬರೆಸಿಕೊಳ್ಳುವ ಜಾಣತನ ಬೇಡ. ಷೇರು ನಿಮ್ಮದಾಗಬೇಕಾದರೆ ಅದು ಸಾಗರೋತ್ತರ ನೇರ ಹೂಡಿಕೆ, 2022ರ ಆಗಸ್ಟ್‌ನಲ್ಲಿ ಬಂದ ನಿಯಮಗಳಡಿ ಬರುತ್ತದೆ. ನಿಮ್ಮ ಬ್ಯಾಂಕಿನ ಮೂಲಕ ಎಫ್‌ಸಿ ಫಾರಂ ತುಂಬಿ, ಆ ವಿದೇಶಿ ಕಂಪನಿಗೆ ಯುಐಎನ್ ಎಂಬ ಸಂಖ್ಯೆ ಪಡೆದ ಮೇಲೆಯೇ ಹಣ ಹೋಗಬೇಕು. ಆರು ತಿಂಗಳೊಳಗೆ ಷೇರು ಪತ್ರದ ಸಾಕ್ಷ್ಯವನ್ನು ಬ್ಯಾಂಕಿಗೆ ಕೊಡಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ವಾರ್ಷಿಕ ವರದಿ ಸಲ್ಲಿಸಬೇಕು. ಮತ್ತು ನಿಮ್ಮ ನಿಯಂತ್ರಣವಿರುವ ಆ ಕಂಪನಿ ಇನ್ನೊಂದು ಉಪ ಕಂಪನಿ ಹುಟ್ಟಿಸುವಂತಿಲ್ಲ. ವ್ಯಕ್ತಿಗಳಿಗೆ ಆ ಅವಕಾಶ ಕೊಟ್ಟಿಲ್ಲ.

ಹಣ ಕಳುಹಿಸುವಾಗ ಹತ್ತು ಲಕ್ಷ ಮೀರಿದ ಭಾಗಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೂಲದಲ್ಲಿಯೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. 90 ಲಕ್ಷ ಕಳುಹಿಸಿದರೆ 80 ಲಕ್ಷದ ಮೇಲೆ 16 ಲಕ್ಷ ರೂಪಾಯಿ. ಅದು ನಿಮ್ಮ ಆದಾಯ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ. ಆದರೆ ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದಿಲ್ಲ. ಅಂದರೆ ನಿಮ್ಮ 90 ಲಕ್ಷ ಹೋಟೆಲಿನ ಮಟ್ಟಿಗೆ 90 ಲಕ್ಷ ಅಲ್ಲ. ಆದಾಯ ತೆರಿಗೆ ವಿವರದಲ್ಲಿ ವಿದೇಶಿ ಆಸ್ತಿಯ ಅನುಸೂಚಿ ತುಂಬುವುದನ್ನು ಮರೆತವರಿಗೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷದ ದಂಡ ಬಿದ್ದದ್ದುಂಟು.

ತಂಗಿಗೇ ಉಡುಗೊರೆಯಾಗಿ ಕೊಟ್ಟು ಕೈತೊಳೆದುಕೊಳ್ಳುವುದಾದರೆ ಕಾಗದಪತ್ರ ಕಡಿಮೆ. ಆಗ ಹೋಟೆಲ್ ಪೂರ್ತಿ ಅವಳದು. ನಾಳೆ ಮನಸ್ತಾಪವಾದರೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ತುಂಗಾ ತೀರ

ದಾಖಲೆಗಳಿಗೆಲ್ಲ ಈಗಲೇ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ವಿದೇಶಗಳಿಗೆ ತೋರಿಸುವ ಸರ್ಕಾರಿ ಮುದ್ರೆ, ಹಾಕಿಸಿಬಿಡಿ, ಮುಂದೆ ಅನುಕೂಲ.

ಬರ್ಲಿನ್ ಬಿಸಿಬೇಳೆ

ಜರ್ಮನಿಗೆ ಬೇಡ. ಆ ಮುದ್ರೆಯ ಹಿಂದಿರುವ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಆಕ್ಷೇಪಿಸಿತು. ಹಾಗಾಗಿ ಇವೆರಡು ದೇಶಗಳ ನಡುವೆ ಆ ಮುದ್ರೆಗೆ ಬೆಲೆಯಿಲ್ಲ. ನಾನೂ ದುಡ್ಡು ಕೊಟ್ಟು ಹಾಕಿಸಿದ್ದೆ, ಚಂದದ ಅಂಟುಚೀಟಿ, ಇನ್ನೂ ಕಡತದಲ್ಲಿದೆ. ಯಾವ ದಾಖಲೆಗೆ ಏನು ಬೇಕೆಂದು ಕೇಳಿಯೇ ಖರ್ಚು ಮಾಡಿ.

ಕೋಟದ ಹೋಟೆಲಿನವ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ಇನ್ನೊಂದು ಸಂಶಯ. ತಂಗಿ ನಿರ್ದೇಶಕಿಯಾದಳು ಎಂದುಕೊಳ್ಳೋಣ. ದೋಸೆ ಹುಯ್ಯುವವರು ಯಾರು? ನನ್ನ ಹತ್ತಿರ 14 ವರ್ಷದಿಂದ ಒಬ್ಬ ಭಟ್ಟರಿದ್ದಾರೆ. ಅವರನ್ನು ಕಳುಹಿಸಬಹುದೇ?

ಇಸಾರ್ ದಂಡೆ

ವಿಶೇಷ ಅಡುಗೆಯ ಬಾಣಸಿಗರಿಗೆಂದೇ ಒಂದು ದಾರಿಯಿದೆ. ಒಂದು ದೇಶದ ಅಡುಗೆಯನ್ನೇ ಮಾಡುವ ಹೋಟೆಲಿಗೆ ಆ ದೇಶದ ಬಾಣಸಿಗನನ್ನು ಒಟ್ಟು ನಾಲ್ಕು ವರ್ಷದವರೆಗೆ ತರಿಸಿಕೊಳ್ಳಬಹುದು. ಅಷ್ಟು ಮುಗಿದರೆ ಊರಿಗೆ ಮರಳಬೇಕು, ಮತ್ತೆ ಬರಲು ಮೂರು ವರ್ಷ ಕಾಯಬೇಕು. ಇದಕ್ಕೆ ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕು, ಪೂರ್ಣಾವಧಿ ಕೆಲಸ ಮತ್ತು ಇಲ್ಲಿಯ ಮಟ್ಟದ ಸಂಬಳ ಕೊಡಬೇಕು. 2026ರ ಜನವರಿಯಿಂದ ಕನಿಷ್ಠ ಕೂಲಿಯೇ ಗಂಟೆಗೆ 13.90 ಯೂರೊ. ಊಟ, ವಸತಿ ಕೊಟ್ಟು ಸಂಬಳ ಕಡಿಮೆ ಮಾಡುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ತೊಡಕು ಇರುವುದು ದಾಖಲೆಯಲ್ಲಿ. ತರಬೇತಿಯ ಪತ್ರ ಅಥವಾ ವರ್ಷಗಟ್ಟಲೆಯ ಅನುಭವಕ್ಕೆ ಪುರಾವೆ ಕೇಳುತ್ತಾರೆ.

ಕೋಟದ ಹೋಟೆಲಿನವ

ಭಟ್ಟರಿಗೆ ಪತ್ರ ಕೊಟ್ಟವರು ಯಾರು? ಅಪ್ಪನ ಹಿಂದೆ ಮದುವೆ ಮನೆಗಳಿಗೆ ಹೋಗಿ ಕಲಿತವರು. ಐನೂರು ಜನರಿಗೆ ಹುಳಿ ಮಾಡುವಾಗ ಉಪ್ಪಿನ ಅಳತೆಗೆ ಚಮಚ ಮುಟ್ಟುವುದಿಲ್ಲ.

ಲೆಕ್ಕಪತ್ರ

ಅವರ ಭವಿಷ್ಯ ನಿಧಿ ಕಟ್ಟಿದ್ದೀರಾ? ಸಂಬಳ ಬ್ಯಾಂಕಿನಲ್ಲಿ ಹಾಕಿದ್ದೀರಾ? 14 ವರ್ಷದ ಅನುಭವಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಕೋಟದ ಹೋಟೆಲಿನವ

ಕಳೆದ ಐದು ವರ್ಷಗಳದ್ದು ಇದೆ. ಅದಕ್ಕೂ ಮೊದಲು ಕೈಗೇ ಕೊಡುತ್ತಿದ್ದೆ.

ನೆಕ್ಕಾರ್ ಕಣಿವೆ

ಜಾಗದ ವಿಷಯ ಯಾರೂ ಎತ್ತಲಿಲ್ಲ. ವೀಸಾ ಪಡೆದವರೂ ಮುಗ್ಗರಿಸುವುದು ಇಲ್ಲಿಯೇ. ಮೊದಲು ಬಟ್ಟೆ ಅಂಗಡಿಯೋ ಕಚೇರಿಯೋ ಆಗಿದ್ದ ಜಾಗವನ್ನು ಹೋಟೆಲ್ ಮಾಡಬೇಕಾದರೆ ಕಟ್ಟಡದ ಬಳಕೆ ಬದಲಿಸಲು ಪ್ರತ್ಯೇಕ ಅನುಮತಿ ಬೇಕು. ಒಗ್ಗರಣೆಯ ಹೊಗೆ ಮಹಡಿ ಮೇಲೆ ಹೋಗುವಂತೆ ಕೊಳವೆ ಹಾಕಿಸಬೇಕು, ಮೇಲಿನ ಮನೆಯವರು ಒಪ್ಪಬೇಕು. ಆದ್ದರಿಂದ ಹೆಚ್ಚಿನವರು ಮೊದಲೇ ಹೋಟೆಲ್ ಇದ್ದ ಜಾಗವನ್ನೇ ಹಿಡಿಯುತ್ತಾರೆ. ಆಗ ಬಿಟ್ಟುಹೋಗುವವರು ಪಾತ್ರೆಪಗಡ, ಒಲೆಗಳ ಲೆಕ್ಕದಲ್ಲಿ ‘ಆಬ್‌ಲ್ಯೋಸೆ’ ಎಂದು ದೊಡ್ಡ ಮೊತ್ತ ಕೇಳುತ್ತಾರೆ. ಬೆಂಗಳೂರಿನ ಗುಡ್‌ವಿಲ್ ಹಣದ ಅಣ್ಣ ಎಂದುಕೊಳ್ಳಿ.

ಒಂದು ನೆಮ್ಮದಿ ಇದೆ. ಮದ್ಯ ಮಾರದಿದ್ದರೆ ಹೋಟೆಲ್ ಲೈಸೆನ್ಸ್ ಎಂಬ ಪ್ರತ್ಯೇಕ ಪರವಾನಗಿ ಬೇಡ, ವ್ಯಾಪಾರದ ನೋಂದಣಿ ಸಾಕು. ಅಡುಗೆ ಮುಟ್ಟುವ ಎಲ್ಲರೂ ಆರೋಗ್ಯ ಇಲಾಖೆಯ ಶುಚಿತ್ವದ ಪಾಠ ಕೇಳಿ ಚೀಟಿ ತರಬೇಕು. ಮೊದಲ ಸಲ ಕೆಲಸಕ್ಕೆ ಸೇರುವಾಗ ಆ ಚೀಟಿ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು.

ಹಾಸನದ ಹುಡುಗ

ಮ್ಯೂನಿಕ್‌ನಲ್ಲಿ ಬಿಯರ್ ಇಲ್ಲದ ಹೋಟೆಲೇ? ದೇವರು ಕಾಪಾಡಲಿ.

ಕೋಟದ ಹೋಟೆಲಿನವ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ಕೇಳಿದವರಿಗಾಗಿ.

ಸಲಹೆಗಾರರು ಮುಂಗಡದಲ್ಲಿ 40 ಸಾವಿರ ಹಿಂದಿರುಗಿಸಿದರು. ಉಳಿದದ್ದು ‘ಕಡತ ತೆರೆದ ವೆಚ್ಚ’ವಂತೆ. ಆ ಕಡತದಲ್ಲಿ ನನ್ನ ಪಾಸ್‌ಪೋರ್ಟಿನ ಪ್ರತಿ ಬಿಟ್ಟರೆ ಬೇರೇನೂ ಇರಲಿಲ್ಲ.

ತಂಗಿಯನ್ನು ಕೇಳಿದೆ, ನೆಕ್ಕಾರ್ ಮೇಡಂ ಹೇಳಿದ ಹಾಗೆಯೇ. ಎರಡು ದಿನ ಉತ್ತರವೇ ಬರಲಿಲ್ಲ. ಮೂರನೆಯ ದಿನ ಒಂದು ಉದ್ದದ ಸಂದೇಶ ಬಂತು. ಹೋಟೆಲ್ ಮಾಡುತ್ತಾಳಂತೆ, ಆದರೆ ಅವಳ ಲೆಕ್ಕದಲ್ಲಿ. ಮ್ಯೂನಿಕ್ ನಗರದೊಳಗೆ ಬೇಡ, ಬಾಡಿಗೆ ಕಡಿಮೆ ಇರುವ ಹೊರವಲಯದಲ್ಲಿ. ಆರು ಮೇಜು ಮಾತ್ರ, ಭಾನುವಾರ ರಜೆ, ರಾತ್ರಿ ಒಂಬತ್ತಕ್ಕೆ ಬಾಗಿಲು. ಶೇ 60 ಅವಳದು, 40 ನನ್ನದು. ನಾನು ಶೇ 49 ಎಂದು ಚೌಕಾಶಿಗೆ ಇಳಿದಿದ್ದೆ, ಅಮ್ಮ ನಡುವೆ ಬಂದು ತಂಗಿಯ ಪರ ತೀರ್ಪು ಕೊಟ್ಟರು. ಒಂದೇ ಸಲ 90 ಲಕ್ಷ ಹಾಕುವುದೂ ಬೇಡವೆಂದಳು. ಭಾವ ಬಿ1 ತರಗತಿಗೆ ಸೇರಿದ್ದಾರೆ. ಐಎಚ್‌ಕೆಯ ಮೊದಲ ಭೇಟಿ ಮುಗಿದಿದೆ.

ಜಾಗ ಹುಡುಕುವಾಗ ಒಂದು ತಮಾಷೆಯಾಯಿತು. ಒಬ್ಬ ಮಾಲೀಕರಿಗೆ ನಾನೇ ಫೋನಿನಲ್ಲಿ ಹರಕು ಇಂಗ್ಲಿಷಿನಲ್ಲಿ ಹೋಟೆಲ್ ಇಡುತ್ತೇವೆ ಎಂದೆ. ಅವರು ಎಷ್ಟು ಕೋಣೆ, ಎಷ್ಟು ಹಾಸಿಗೆ ಎಂದು ಕೇಳತೊಡಗಿದರು. ಆರು ಮೇಜು ಎಂದಾಗ ಫೋನ್ ಇಟ್ಟೇಬಿಟ್ಟರು. ಇನ್ನು ಮುಂದೆ ತಂಗಿಯೇ ಮಾತನಾಡುತ್ತಾಳೆ.

ಬರ್ಲಿನ್ ಬಿಸಿಬೇಳೆ

ಆರು ಮೇಜು ಎಂದ ಕೂಡಲೇ ನಿಮ್ಮ ತಂಗಿಯ ಮೇಲೆ ನನಗೆ ನಂಬಿಕೆ ಬಂತು. ನಾನು ಹದಿನೆಂಟರಿಂದ ಶುರು ಮಾಡಿ ಹತ್ತಕ್ಕೆ ಇಳಿದವಳು.

ಕೋಟದ ಹೋಟೆಲಿನವ

ಭಟ್ಟರ ಅರ್ಜಿ ಈಗಲೇ ಬೇಡ, ಮೊದಲ ವರ್ಷ ತಂಗಿ ಮತ್ತು ಅಲ್ಲಿಯೇ ಇರುವ ಇನ್ನೊಬ್ಬರು ಸಾಕು ಎಂದು ತೀರ್ಮಾನಿಸಿದ್ದೇವೆ. ಭಟ್ಟರಿಗೆ ಹೇಳಿದಾಗ ಅವರ ಮುಖದಲ್ಲಿ ನಿರಾಳವೇ ಕಂಡಿತು.

ಕೊನೆಯದೊಂದು ಪ್ರಶ್ನೆ. ಇಲ್ಲಿಂದ 20 ಲೀಟರಿನ ಕಲ್ಲಿನ ಗ್ರೈಂಡರ್ ಹಡಗಿನಲ್ಲಿ ಕಳುಹಿಸಬೇಕೆಂದಿದ್ದೇನೆ. ಅಲ್ಲಿಯ ವಿದ್ಯುತ್ತಿಗೆ ಹೊಂದುತ್ತದೆಯೇ?

ಇಸಾರ್ ದಂಡೆ

ವಿದ್ಯುತ್ ಹೊಂದುತ್ತದೆ, ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸಿದರಾಯಿತು. ಆದರೆ ಯಂತ್ರದ ಮೇಲೆ ಸಿಇ ಗುರುತು, ಅಂದರೆ ಯುರೋಪಿನ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಎನ್ನುವ ಗುರುತು, ಇದೆಯೇ ನೋಡಿ. ಅದಿಲ್ಲದ ಯಂತ್ರವನ್ನು ವ್ಯಾಪಾರದ ಅಡುಗೆಮನೆಯಲ್ಲಿ ಇಡುವಂತಿಲ್ಲ, ಕೈ ಸಿಕ್ಕಿಕೊಂಡರೆ ವಿಮೆಯವರೂ ತಿರುಗಿ ನೋಡುವುದಿಲ್ಲ. ಕೊಯಮತ್ತೂರಿನಲ್ಲಿ ರಫ್ತಿಗೆಂದೇ ಸಿಇ ಗುರುತಿನ ಗ್ರೈಂಡರ್ ಮಾಡುವವರಿದ್ದಾರೆ, ಅಲ್ಲಿ ವಿಚಾರಿಸಿ. ನಿಮ್ಮ ಹಳೆಯದನ್ನು ಭಟ್ಟರಿಗೇ ಬಿಡಿ.